ಗದ್ದೆಯಾಚೆಯ ನೀಲಿ ಬೆಂಕಿ

ನನ್ನ ತಂಗಿಯ ಅಡುಗೆಮನೆಯಲ್ಲಿ ನೀಲಿ ಬೆಂಕಿ ಉರಿಯಲು ಶುರುವಾದ ವರ್ಷವೇ ನನ್ನ ಹೊಟ್ಟೆಯಲ್ಲೂ ಒಂದು ಬೆಂಕಿ ಹೊತ್ತಿಕೊಂಡಿತು. ಅವಳ ಬೆಂಕಿಗೆ ಹಟ್ಟಿ ಬೇಕಿತ್ತು, ಹಟ್ಟಿಯಲ್ಲಿ ದನ ಬೇಕಿತ್ತು, ಗುಂಡಿ ತೋಡಬೇಕಿತ್ತು. ನನ್ನದಕ್ಕೆ ಏನೂ ಬೇಕಿರಲಿಲ್ಲ. ಹೊಟ್ಟೆಕಿಚ್ಚು ಎಂಬ ಮಾತನ್ನು ಮೊದಲು ಆಡಿದವರು ಯಾರೋ ಏನೋ, ಅವರಿಗೆ ಖಂಡಿತ ಒಬ್ಬಳು ತಂಗಿ ಇದ್ದಿರಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳವು. ಮಡಂತ್ಯಾರಿನಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು ಒಳಗೆ ನಡೆದರೆ ನಮ್ಮ ಮನೆ. ನಾವು ಜೈನರು. ಮನೆ, ಭೂಮಿ ಹೆಣ್ಣುಮಕ್ಕಳ ಕಡೆಯಿಂದ ಇಳಿದು ಬರುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಪಾಲಾದಾಗ ಹಳೆಯ ಮನೆ ನನಗೆ ಬಂತು, ಗದ್ದೆಯಾಚೆಯ ಜಾಗ ತಂಗಿಗೆ ಹೋಯಿತು. ಅವಳು ಅಲ್ಲಿ ಹೊಸ ಮನೆ ಕಟ್ಟಿಸಿದಳು. ಅಮ್ಮನನ್ನು ಯಾರೂ ಪಾಲು ಮಾಡಲಿಲ್ಲ. "ನಾನು ಹುಟ್ಟಿದ ಕೋಣೆಯಲ್ಲೇ ಮಲಗ್ತೇನೆ" ಎಂದು ಅವಳು ಹಳೆಯ ಮನೆಯಲ್ಲಿ ಉಳಿದಳು. ಹಾಗಾಗಿ ಅಮ್ಮನೂ ನನ್ನ ಪಾಲಿಗೇ ಬಂದಳೆಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಅಮ್ಮನದು ಒಂದೇ ನೇಮ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಮ್ಮ ಹಿರಿಯರೆಲ್ಲ ಹಾಗೆಯೇ ಬಾಳಿದವರು. ಬೇಸಿಗೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಆಟಿ ತಿಂಗಳ ಮಳೆಯಲ್ಲಿ, ಸೂರ್ಯ ಎದ್ದದ್ದೇ ಗೊತ್ತಾಗದ ದಿನ, ಅವನು ಮುಳುಗಿದ್ದು ತಿಳಿಯುವುದು ಹೇಗೆ? ಅಮ್ಮ ಗಡಿಯಾರವನ್ನು ನಂಬುತ್ತಿರಲಿಲ್ಲ. ಜಗಲಿಯ ತುದಿಗೆ ಬಂದು ಬಲಗೈ ಚಾಚಿ ಅಂಗೈ ನೋಡಿಕೊಳ್ಳುವಳು. ಗೆರೆ ಕಂಡರೆ ಹಗಲು, ಕಾಣದಿದ್ದರೆ ರಾತ್ರಿ. "ಗೆರೆ ಕಾಣ್ತದೆ, ಬಡಿಸು" ಎಂದರೆ ಓಡಿಹೋಗಿ ಬಾಳೆಲೆ ಹಾಕಬೇಕು. "ಗೆರೆ ಹೋಯ್ತು" ಎಂದರೆ ಮುಗಿಯಿತು, ಒಂದು ಲೋಟ ನೀರನ್ನೂ ಕೇಳದೆ ಹೋಗಿ ಮಲಗುವಳು. ಬೈಯುತ್ತಿರಲಿಲ್ಲ, ಮುಖ ಸಿಂಡರಿಸುತ್ತಿರಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಹೇಳಿ ಹಗುರಾಗುತ್ತಿದ್ದೆ.

ನಮ್ಮದು ಕುಚ್ಚಲಕ್ಕಿ. ಅದು ಬೇಯುವ ಹೊತ್ತಿಗೆ ಬೆಳ್ತಿಗೆ ಅಕ್ಕಿಯವರು ಉಂಡು, ಎಲೆ ತೆಗೆದು, ಒಂದು ನಿದ್ದೆಯನ್ನೂ ಮುಗಿಸಿರುತ್ತಾರೆ. ಮಧ್ಯಾಹ್ನದ ಅನ್ನವನ್ನೇ ಸಂಜೆಗೆ ಇಡೋಣವೆಂದರೆ ಮಳೆಗಾಲದ ವ್ರತದಲ್ಲಿ ಅಮ್ಮನಿಗೆ ಅದು ಆಗದು. ಆ ಹೊತ್ತಿನದು ಆ ಹೊತ್ತಿಗೇ ಬೇಯಬೇಕು. ಉಳುವವನಿಗೇ ಭೂಮಿ ಎಂಬ ಭೂಮಸೂದೆ ಬಂದ ಮೇಲೆ ಗದ್ದೆ ಕಡಿಮೆಯಾಗಿತ್ತು, ಕೆಲಸದವರು ಅದಕ್ಕಿಂತಲೂ ಕಡಿಮೆಯಾಗಿದ್ದರು. ಭತ್ತದ ನೇಜಿ ನೆಡುವ ದಿನಗಳಲ್ಲಿ ನಾನೂ ಗದ್ದೆಯಲ್ಲೇ ಇರಬೇಕು. ಬಂದು ಕಾಲು ತೊಳೆದು ಒಲೆಯ ಮುಂದೆ ಕೂತರೆ ಸೌದೆ ಹಸಿ. ಊದುಕೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಡವಾದರೂ ಒಲೆಯಲ್ಲಿ ಕೆಂಡವಿಲ್ಲ. ಹೊಗೆಗೆ ಮಾತ್ರ ಬರಗಾಲವಿರಲಿಲ್ಲ.

ಹಾಗೆಂದು ನನ್ನನ್ನು ಕೈಲಾಗದವಳೆಂದು ತಿಳಿಯಬೇಡಿ. ಸೌದೆ ಉಳಿಸುವುದರಲ್ಲಿ ಆ ಊರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಅಕ್ಕಿಯನ್ನು ಬೆಳಗ್ಗೆಯೇ ನೆನೆಹಾಕುತ್ತಿದ್ದೆ. ಅನ್ನದ ಪಾತ್ರೆಯ ಮೇಲೆ ನೀರಿನ ಪಾತ್ರೆ ಇಟ್ಟು ಒಂದೇ ಉರಿಯಲ್ಲಿ ಎರಡು ಕೆಲಸ ಮಾಡುತ್ತಿದ್ದೆ. ತೆಂಗಿನ ಗೆರಟೆ, ಕೊತ್ತಳಿಗೆ, ಅಡಿಕೆ ಸಿಪ್ಪೆ, ಏನನ್ನೂ ಬಿಸಾಡಿದವಳಲ್ಲ. ಮನೆಗೆ ಕರೆಂಟು ಬಂದ ಮೇಲೂ ಒಬ್ಬರು ಕೂತ ಕೋಣೆಯಲ್ಲಿ ಮಾತ್ರ ಬಲ್ಬು. ಮದುವೆಗೆ ಬಂದ ನೆಂಟರು "ಇಷ್ಟು ಸೌದೆಯಲ್ಲಿ ಇಷ್ಟು ಜನಕ್ಕೆ ಹೇಗೆ ಮಾಡಿದಿರಿ?" ಎಂದು ಕೇಳಿದ್ದುಂಟು. ಆ ಹೆಸರಿನ ಮೇಲೆ ನಾನು ಬದುಕುತ್ತಿದ್ದೆ. ಅಷ್ಟರಲ್ಲಿ ತಂಗಿ ಸೌದೆಯೇ ಇಲ್ಲದ ಬೆಂಕಿ ತಂದಳು.

ಅವಳ ಗಂಡನಿಗೆ ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ. ಬಂಟ್ವಾಳದ ಕಡೆ ಯಾರದೋ ತೋಟದಲ್ಲಿ ನೋಡಿಕೊಂಡು ಬಂದನಂತೆ. ಹಿತ್ತಿಲಲ್ಲಿ ಬಾವಿಯಂಥ ಗುಂಡಿ ತೋಡಿಸಿ, ಕಲ್ಲು ಕಟ್ಟಿಸಿ, ಅದರ ಮೇಲೆ ದೊಡ್ಡ ಕಬ್ಬಿಣದ ಡ್ರಮ್ಮನ್ನು ಮಗುಚಿ ಕೂರಿಸಿದರು. ಒಳಗೆ ಗ್ಯಾಸ್ ತುಂಬಿದರೆ ಡ್ರಮ್ ಮೇಲೇಳುತ್ತದೆ, ಒಲೆ ಉರಿಸಿದರೆ ಇಳಿಯುತ್ತದೆ. ಎಲ್ಲರೂ ಅದಕ್ಕೆ ಗೊಬ್ಬರ ಗ್ಯಾಸ್ ಎನ್ನುತ್ತಿದ್ದರು. ಸುತ್ತಲಿನ ಜನ ಸಾಲುಗಟ್ಟಿ ನೋಡಲು ಬಂದರು. ಬಂದವರೆಲ್ಲ ಕಾಲುದಾರಿ ಹಿಡಿದು ನನ್ನ ಅಂಗಳದಿಂದಲೇ ದಾಟಬೇಕು. "ನಿಮ್ಮ ತಂಗಿಯ ಮನೆ ಯಾವುದು?" ಎಂದು ನನ್ನಲ್ಲೇ ಕೇಳಿದರು.

ಅಲ್ಲಿ ಹಟ್ಟಿಯ ನೆಲಕ್ಕೂ ಸಿಮೆಂಟು ಹಾಕಿಸಿದರೆಂದು ತಿಳಿದಾಗ ನಾನು ಗಂಡನ ಹತ್ತಿರ, "ದನಕ್ಕೂ ಸಿಮೆಂಟಂತೆ! ಶೋಕಿ ನೋಡಿ" ಎಂದೆ. ಅವರು ಮಡಂತ್ಯಾರಿನ ಶಾಲೆಯಲ್ಲಿ ಮಾಸ್ತರರು. ಪೇಪರ್ ಓದುತ್ತ "ಹೂಂ" ಎಂದರು.

ನನ್ನ ಅಡುಗೆಮನೆಯ ಕಿಟಕಿಯಿಂದ ಆ ಡ್ರಮ್ ಕಾಣುತ್ತಿತ್ತು. ಬೆಳಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲೇ ಅದು ಎಷ್ಟು ಎದ್ದಿದೆ ಎಂದು ನೋಡುತ್ತಿದ್ದೆ. ಎತ್ತರ ಎದ್ದಿದ್ದರೆ ಆ ದಿನ ನನ್ನ ಗಂಡ, ಮಗ, ದನ, ಬೆಕ್ಕು, ಯಾರಿಗೂ ಕ್ಷೇಮವಿಲ್ಲ. ಒಂದು ದಿನ ಪೂರ್ತಿ ಕೂತಿತ್ತು. ನೆಂಟರು ಬಂದು ಗ್ಯಾಸ್ ಖಾಲಿಯಾಗಿರಬೇಕು. ಆ ದಿನ ನಾನು ಪಾಯಸ ಮಾಡಿದೆ. ಯಾಕೆಂದು ಯಾರಿಗೂ ಗೊತ್ತಾಗಲಿಲ್ಲ.

ಇಷ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಮಳೆಗಾಲ ಒಂದು ಸಂಜೆ ನನ್ನ ಅನ್ನ ಇನ್ನೂ ಅರೆಬೆಂದಿರುವಾಗ ತಂಗಿ ಗದ್ದೆಯ ಬದುವಿನಿಂದ, ನಮ್ಮ ಹುಣಿಯ ಮೇಲಿಂದ, ಕೂಗಿದಳು. "ಅಮ್ಮಾ, ಇಲ್ಲಿ ಊಟಕ್ಕೆ ಆಗಿದೆ. ಗೆರೆ ಹೋಗುವ ಮೊದಲು ಬಾ." ಅಮ್ಮ ನನ್ನ ಮುಖ ನೋಡಿದಳು, ಒಲೆಯ ಮುಖ ನೋಡಿದಳು. ಆಮೇಲೆ ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡಳು. ಅಲ್ಲಿಂದ ಅದೇ ಅಭ್ಯಾಸವಾಯಿತು. ಅಮ್ಮನ ಕಪ್ಪು ಕೊಡೆ ಸಂಜೆಯಾದರೆ ಹುಣಿಯ ಮೇಲೆ ನಿಧಾನವಾಗಿ ಆಚೆ ಹೋಗುವುದು, ಕತ್ತಲಾಗುವಾಗ ಈಚೆ ಬರುವುದು. ನಾನು ಬೇಯಿಸಿದ ಅನ್ನ ಪಾತ್ರೆಯಲ್ಲಿ ಉಳಿಯುವುದು. ಹೆತ್ತ ತಾಯಿ ಸಂಜೆಯ ಊಟಕ್ಕೆ ಬೇರೆ ಒಲೆ ಹುಡುಕಿಕೊಂಡು ಹೋಗುವುದನ್ನು ಕಿಟಕಿಯಲ್ಲಿ ನಿಂತು ನೋಡಿದವರಿಗೆ ಮಾತ್ರ ನನ್ನ ಸಂಕಟ ಗೊತ್ತಾದೀತು. ಅವಳು ಹಸಿದು ಮಲಗುವುದಕ್ಕಿಂತ ಅದು ಒಳ್ಳೆಯದೆಂದು ನನಗೂ ತಿಳಿಯುತ್ತಿತ್ತು. ಹಾಗೆ ತಿಳಿದದ್ದರಿಂದ ಉರಿ ಏನೂ ಕಡಿಮೆಯಾಗಲಿಲ್ಲ.

ನಾನು ಗಂಡನ ಪ್ರಾಣ ತಿಂದೆ. ನಮಗೂ ಗೊಬ್ಬರ ಗ್ಯಾಸ್ ಬೇಕು, ಡ್ರಮ್ ತಂಗಿಯದಕ್ಕಿಂತ ಒಂದು ಗೇಣಾದರೂ ದೊಡ್ಡದಿರಬೇಕು. ಮರುವರ್ಷದ ಬೇಸಿಗೆಯಲ್ಲಿ ಗುಂಡಿ ತೋಡಿಯಾಯಿತು. ಮೂಡುಬಿದಿರೆಯಿಂದ ಲಾರಿಯಲ್ಲಿ ಡ್ರಮ್ ಬಂತು. ಕೆಲಸ ನೋಡಲು ಬಂದ ಮೇಲ್ವಿಚಾರಕರು ಘಟ್ಟದ ಮೇಲಿನವರು, ಸರಸರನೆ ಮಾತಾಡುವವರು. ಗಂಡ ಶಾಲೆಗೆ ಹೋಗಿದ್ದರು. "ದಿನಾ ಗೋಬರ್‌ನ ಅಷ್ಟೇ ನೀರಲ್ಲಿ ಕಲಸಿ ಹಾಕ್ತಾ ಇರಿ ತಾಯಿ, ತಾನಾಗೇ ಏಳುತ್ತೆ" ಎಂದು ನನಗೆ ಹೇಳಿ ಬಸ್ಸು ತಪ್ಪೀತೆಂದು ಹೊರಟುಹೋದರು.

ಗೊಬ್ಬರಕ್ಕೆ ನಮ್ಮ ಮನೆಯಲ್ಲಿ ಕೊರತೆಯೇ? ನಮ್ಮ ಕಡೆ ಹಟ್ಟಿಯೆಂದರೆ ಸೊಪ್ಪಿನ ಹಟ್ಟಿ. ಗುಡ್ಡದಿಂದ ಸೊಪ್ಪು, ತರಗೆಲೆ ತಂದು ದನದ ಕಾಲಡಿಗೆ ಹರಡುವುದು, ಸೆಗಣಿಯ ಜೊತೆ ಅವು ತುಳಿದು ತುಳಿದು ಕಳಿಯುವುದು, ಹಾಗೆ ಪದರ ಪದರವಾಗಿ ಎದ್ದದ್ದನ್ನು ಕಡಿದು ಗದ್ದೆಗೆ ಹೊರುವುದು. ಅದೇ ಗೊಬ್ಬರ. ನಾನು ಹಟ್ಟಿಯ ಅಡಿಯ ಪದರದಿಂದ, ಕಪ್ಪಗೆ ಕಳಿತ ಒಳ್ಳೊಳ್ಳೆಯ ಗೊಬ್ಬರವನ್ನೇ ಆರಿಸಿ ನೀರಲ್ಲಿ ಕಲಸಿ ತುಂಬಿಸಿದೆ. ಗದ್ದೆಗೆ ಹೋಗಬೇಕಾದ್ದನ್ನು ಗುಂಡಿಗೆ ಕೊಟ್ಟೆನೆಂದು ಗಂಡ ಗೊಣಗಿದರು. "ಸತ್ವ ಇದ್ದದ್ದು ಹಾಕಿದರೆ ಗ್ಯಾಸೂ ಗಟ್ಟಿ ಬರ್ತದೆ" ಎಂದೆ. ತಂಗಿಯಲ್ಲಿ ಒಂದು ಮಾತು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳುವುದೇ? ನಾನೇ? ಅವಳಲ್ಲೇ?

ಡ್ರಮ್ ಏಳಲಿಲ್ಲ. ಮಲಗಿದ ಎಮ್ಮೆಯ ಹಾಗೆ ಕೂತದ್ದು ಕೂತೇ ಇತ್ತು. ಅವಳದ್ದು ಆಚೆ ಎದ್ದು ನಿಂತು ನನ್ನದನ್ನು ನೋಡುತ್ತಿತ್ತು. ನಾನು ಇನ್ನೂ ಸುರಿದೆ. ಕೊನೆಗೆ ಸುರಿದದ್ದು ಪೈಪಿನಲ್ಲಿ ಇಳಿದು ಒಳಗೆ ಹೋಗದೆ ಕಲಸುವ ತೊಟ್ಟಿಯಲ್ಲೇ ನಿಂತಿತು. ಮಳೆಗಾಲ ಬಂತು, ಅಮ್ಮನ ಕೊಡೆ ಮತ್ತೆ ಹುಣಿ ಹತ್ತಿತು.

ಒಂದು ಸಂಜೆ ತಂಗಿ ತಾನೇ ಅಮ್ಮನನ್ನು ಕರೆದೊಯ್ಯಲು ಬಂದಳು. ಹುಣಿ ಜಾರುತ್ತಿತ್ತಂತೆ. ನಾನು ಹಿತ್ತಿಲಲ್ಲಿ ಕೋಲು ಹಾಕಿ ಪೈಪು ತಿವಿಯುತ್ತಿದ್ದೆ. ಅವಳು ಬಗ್ಗಿ ತೊಟ್ಟಿಯೊಳಗೆ ನೋಡಿದಳು.

"ಅಕ್ಕಾ, ಇದಕ್ಕೆ ಎಂತ ಹಾಕಿದ್ದು ನೀನು?"

"ಗೊಬ್ಬರ."

"ಯಾವ ಗೊಬ್ಬರ?"

"ಗೊಬ್ಬರ ಅಂದರೆ ಯಾವುದು ಮಾರಾಯ್ತಿ? ಹಟ್ಟಿ ಗೊಬ್ಬರ. ಒಳ್ಳೆ ಕಳಿತದ್ದು."

ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತೇಬಿಟ್ಟಳು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. "ಗೊಬ್ಬರ ಗ್ಯಾಸ್ ಅಂತ ನಾವು ಹೇಳುವುದು ಮಾತ್ರ ಅಕ್ಕಾ, ಹಿಂದಿಯ ಗೋಬರ್ ಅಂದರೆ ಸೆಗಣಿ. ಹಾಕಲಿಕ್ಕೆ ಸೆಗಣಿ! ಬರೀ ಹಸಿ ಸೆಗಣಿ. ಒಂದು ಎಲೆ ಸೇರಬಾರದು. ಮತ್ತೆ ನಾವು ಹಟ್ಟಿಗೆ ಸಿಮೆಂಟು ಹಾಕಿಸಿದ್ದು ಎಂತಕ್ಕೆ?"

"ಮೊದಲೇ ಹೇಳಲಿಕ್ಕೆ ನಿನಗೆ ಎಂತ ಆಗಿತ್ತು?"

"ನೀನು ಕೇಳಿದ್ದು ಎಲ್ಲಿ?"

"ನಗು, ನಗು. ಬೆಂಕಿ ತೋರಿಸಿ ಅಮ್ಮನನ್ನು ಎಳೆದುಕೊಂಡವಳಲ್ವಾ ನೀನು!"

ಅವಳ ನಗು ನಿಂತಿತು. "ಎಳೆದುಕೊಂಡದ್ದಾ? ಉಂಡು ಕೈ ತೊಳೆದ ಕೂಡಲೇ ಕೊಡೆ ಹುಡುಕುವುದು ಅಮ್ಮ. ಮಳೆ ಹೊಯ್ತಾ ಉಂಟು, ಒಂದು ದಿನ ಇಲ್ಲೇ ಮಲಗು ಅಂದರೆ ಕೇಳುವುದಿಲ್ಲ. ದೊಡ್ಡವಳು ಒಬ್ಬಳೇ ಒಲೆ ಊದ್ತಿರಬಹುದು ಅಂತ ಹೇಳ್ತಾ ಹೊರಡುವುದು. ಬೆಂಕಿ ನನ್ನ ಮನೆಯಲ್ಲಿ, ಅಮ್ಮ ನಿನ್ನ ಮನೆಯಲ್ಲಿ."

ನಾನು ಕೋಲು ಬಿಸಾಡಿ ಒಳಗೆ ಹೋದೆ. ಅನ್ನ ಆಗಷ್ಟೇ ಬೆಂದಿತ್ತು, ಗಂಜಿ ಬಸಿಯಬೇಕಿತ್ತು. ಹೊರಗೆ ಮೋಡ ಮುಚ್ಚಿತ್ತು. ಕರೆಂಟು ಎಂದಿನ ಹಾಗೆ ಹೋಗಿತ್ತು. ಅಮ್ಮ ಜಗಲಿಯಲ್ಲಿ ನಿಂತು ನಮ್ಮ ಜಗಳವನ್ನೆಲ್ಲ ಕೇಳಿಸಿಕೊಂಡಿದ್ದಳು. ತಂಗಿ ಅಂಗಳದಿಂದ ಬಂದು ಕೊಡೆ ಬಿಡಿಸಿದಳು. "ಹೊತ್ತಾಯಿತು ಅಮ್ಮ. ಬೇಗ ಹೋಗುವ."

ಅಮ್ಮ ಕೊಡೆಯ ಕಡೆ ನೋಡಲಿಲ್ಲ. ಜಗಲಿಯ ತುದಿಗೆ ಹೋಗಿ ಬಲಗೈ ಚಾಚಿದಳು. ನಾನು ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ನನಗೆ ಅಮ್ಮನ ಅಂಗೈಯ ಗೆರೆ ಬಿಡಿ, ಬೆರಳುಗಳೇ ಕಾಣುತ್ತಿರಲಿಲ್ಲ. ತಂಗಿಯ ಮುಖವೂ ಕಾಣುತ್ತಿರಲಿಲ್ಲ.

"ಗೆರೆ ಕಾಣ್ತದೆ" ಎಂದಳು ಅಮ್ಮ. "ಇಲ್ಲೇ ಬಡಿಸು."

ನಾನು ಎಲೆ ಹಾಕಿದೆ. ಬಿಸಿ ಅನ್ನ, ಸೌತೆಕಾಯಿ ಹುಳಿ, ಮಿಡಿ ಉಪ್ಪಿನಕಾಯಿ. ಬುದ್ಧಿ ಬಂದಂದಿನಿಂದ ಕತ್ತಲಲ್ಲಿ ಒಂದು ಅಗುಳನ್ನೂ ಬಾಯಿಗಿಡದ ಅಮ್ಮ ದೀಪದ ಬುಡದಲ್ಲಿ ಕೂತು ನಿಧಾನವಾಗಿ ಉಂಡಳು. ಎರಡನೆಯ ಸಲ ಬಡಿಸಲು ಹೋದರೆ ಬೇಡವೆನ್ನಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು. ದೀಪದ ಬತ್ತಿಯನ್ನು ಮಾತ್ರ ಇನ್ನೂ ಸ್ವಲ್ಪ ಏರಿಸಿದೆ. ಮರುದಿನದಿಂದ ಮೂರು ದಿನ ಅಮ್ಮ ಉಪವಾಸ ಮಾಡಿದಳು. ಹೊಟ್ಟೆ ಸರಿಯಿಲ್ಲ ಎಂದು ಕಾರಣ ಹೇಳಿದಳು.

ಆ ಉಪವಾಸದ ದಿನಗಳಲ್ಲೇ ತಂಗಿ ತಲೆಯ ಮೇಲೆ ಸೆಗಣಿಯ ಬುಟ್ಟಿ ಹೊತ್ತು ಹುಣಿ ದಾಟಿ ಬಂದಳು. ನಾವಿಬ್ಬರೂ ಸೊಂಟಕ್ಕೆ ಸೆರಗು ಕಟ್ಟಿ, ಆಳುಗಳ ಜೊತೆ ನಿಂತು, ಗುಂಡಿಯ ಗೊಬ್ಬರವನ್ನೆಲ್ಲ ಎತ್ತಿಸಿ ಹಾಕಿದೆವು. ಹಟ್ಟಿಯ ಒಂದು ಬದಿಗೆ ಸಿಮೆಂಟು ಬಂತು. ಮಳೆ ಮುಗಿಯುವ ಹೊತ್ತಿಗೆ ನನ್ನ ಡ್ರಮ್ಮೂ ಎದ್ದಿತು, ಅವಳದಕ್ಕಿಂತ ಒಂದು ಗೇಣು ಎತ್ತರಕ್ಕೆ. ಅಮ್ಮ ಬದುಕಿದ್ದಷ್ಟು ವರ್ಷ ನನ್ನ ನೀಲಿ ಬೆಂಕಿಯಲ್ಲಿ ಬೆಂದದ್ದನ್ನು ಹಗಲು ಹಗಲಿರುವಾಗಲೇ ಉಂಡಳು. ಆ ಸಂಜೆಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಮ್ಮ ಹೋದ ವರ್ಷ, ಒಂದು ಮಳೆಯ ಸಂಜೆ, ತಂಗಿ ನನ್ನ ಅಡುಗೆಮನೆಯಲ್ಲಿ ಕೂತಿದ್ದಳು. ಒಲೆಯ ಮೇಲೆ ಕಾಫಿಗೆ ನೀರು ಕುದಿಯುತ್ತಿತ್ತು. ಅವಳು ಬೆಂಕಿಯನ್ನೇ ನೋಡುತ್ತ ಹೇಳಿದಳು.

"ಅಮ್ಮ ಜೀವಮಾನದಲ್ಲಿ ಹೇಳಿದ್ದು ಒಂದೇ ಸುಳ್ಳು. ಅದನ್ನೂ ನಿನಗೋಸ್ಕರ ಹೇಳಿದ್ದು. ನನ್ನ ಮನೆಯಲ್ಲಿ ಎಲ್ಲ ಹೊತ್ತಿಗೆ ಸರಿಯಾಗಿ ಆಗ್ತಿತ್ತಲ್ಲ, ನನಗೋಸ್ಕರ ಹೇಳಬೇಕಾಗಿ ಬರಲೇ ಇಲ್ಲ."

ತಮಾಷೆಗೆ ಹೇಳಿದಳೇನೋ ಎಂದು ತಿರುಗಿ ನೋಡಿದೆ. ಅಲ್ಲ. ಆ ಮುಖದ ಪರಿಚಯ ನನಗೆ ಚೆನ್ನಾಗಿತ್ತು. ದಿನಾ ಬೆಳಗ್ಗೆ ಇದೇ ಕಿಟಕಿಯಲ್ಲಿ ನಿಂತು ಗದ್ದೆಯಾಚೆಗೆ ನೋಡುತ್ತಿದ್ದವಳ ಮುಖ ಅದು.