ತಪ್ಪು ಮಾಡಿ ತೋರಿಸಿದ ಪಾಠ

ತರಬೇತಿಯ ಭಾಷೆಯಲ್ಲಿ ಕಲಿಸಲು ಬಂದವರನ್ನು ಸಂಪನ್ಮೂಲ ವ್ಯಕ್ತಿ ಎನ್ನುತ್ತಾರೆ, ಕಲಿಯಲು ಬಂದ ನಮ್ಮನ್ನು ಶಿಬಿರಾರ್ಥಿಗಳು ಎನ್ನುತ್ತಾರೆ. ಸಂಪನ್ಮೂಲವೆಲ್ಲ ಅವರ ಕಡೆಗೇ ಇದ್ದರೆ ನಮ್ಮ ಕಡೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ನಾನು ತಿಕೋಟಾದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳುತ್ತೇನೆ. ಇಂಥ ತರಬೇತಿಗಳಿಗೆ ಹೋಗಿ ಹೋಗಿ, ವಿಜಯಪುರದ ಯಾವ ಸಭಾಂಗಣದಲ್ಲಿ ಯಾವ ಫ್ಯಾನು ತಿರುಗುವುದಿಲ್ಲ ಎಂಬುದನ್ನು ಮಾತ್ರ ಚೆನ್ನಾಗಿ ಕಲಿತಿದ್ದೇನೆ.

ಈ ಸಲದ್ದು ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆಂದು ಮೂರು ದಿನದ ತರಬೇತಿ, ಗಾಂಧಿ ಚೌಕದಿಂದ ನಡೆದು ಹೋಗುವಷ್ಟು ದೂರದ ಒಂದು ಶಾಲೆಯಲ್ಲಿ. ಮೊದಲ ದಿನ ನಮ್ಮನ್ನು ಕೃಷ್ಣಾ, ಭೀಮಾ, ಡೋಣಿ ಎಂದು ನದಿಗಳ ಹೆಸರಿನಲ್ಲಿ ಗುಂಪು ಮಾಡಿದರು. ನಾನು ಡೋಣಿಗೆ ಬಿದ್ದೆ. ನನ್ನ ಪಕ್ಕ ಕುಳಿತವರು ನಿಡೋಣಿ ಕಡೆಯ ಶಾಲೆಯೊಂದರ ಟೀಚರು, ನನಗಿಂತ ಹಿರಿಯರು, ಬಬಲೇಶ್ವರದಲ್ಲಿ ಮನೆ. ಓದಿದ್ದು ಜೀವಶಾಸ್ತ್ರ. ಅವರ ಶಾಲೆಯ ಗಣಿತದ ಸರ್ ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಹೋದ ವರ್ಷದಿಂದ ಹತ್ತನೆಯ ತರಗತಿಯ ಗಣಿತವೂ ಇವರ ಕೊರಳಿಗೇ ಬಿದ್ದಿತ್ತು.

“ಕಪ್ಪಿ ಕೊಯ್ದು ತೋರ್ಸಂದ್ರ ತೋರಸ್ತೀನ್ರಿ ಮೇಡಂ. ಲೆಕ್ಕಕ್ಕ ಎದಿ ಡವಡವ ಅಂತೈತಿ. ಸೋಮವಾರ ವರ್ಗ ಸಮೀಕರಣ ಚಾಲೂ ಮಾಡ್ಬೇಕು. ಈ ಮೂರ್ ದಿನದಾಗ ಎಲ್ಲಾ ಕಲತ ಹೋಗ್ಬೇಕಂತ ಬಂದೀನಿ” ಎಂದರು.

ತರಬೇತಿಗೆ ಯಾರಾದರೂ ಕಲಿಯಲು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. “ಛಲೋ ಆತ್ರಿ” ಎಂದೆ.

ಮೊದಲ ದಿನ ಮೂರು ಬಗೆಯ ಚಪ್ಪಾಳೆ ಹೇಳಿಕೊಟ್ಟರು. ಎರಡನೆಯ ದಿನ ದೊಡ್ಡ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಆದರ್ಶ ಶಿಕ್ಷಕನ ಗುಣಗಳನ್ನು ಬರೆಸಿ ಗೋಡೆಗೆ ಅಂಟಿಸಿದರು. ಟೀಚರು ಎರಡನ್ನೂ ಶ್ರದ್ಧೆಯಿಂದ ಮಾಡಿದರು. ಊಟಕ್ಕೆ ಕುಳಿತಾಗ ಮಾತ್ರ “ಲೆಕ್ಕ ಯಾವಾಗ ಹೇಳ್ತಾರ್ರಿ?” ಎಂದು ಮೆಲ್ಲಗೆ ಕೇಳಿದರು. ನಾಳೆ ಎಂದೆ. ಸಿಹಿಗೆ ಮಾಡಿದ್ದ ಶಿರಾ ಚೆನ್ನಾಗಿತ್ತು, ಇನ್ನೊಂದು ಸಲ ಹಾಕಿಸಿಕೊಂಡೆವು.

ಮೂರನೆಯ ದಿನ ಡೆಮೊ ಪಾಠ. ಒಬ್ಬರು ಕಲಿಸುತ್ತಾರೆ, ಉಳಿದ ನಾವು ಮಕ್ಕಳಾಗಿ ಕುಳಿತುಕೊಳ್ಳುತ್ತೇವೆ. ಇದಕ್ಕೆ ನಮ್ಮೊಳಗೆ ಒಂದು ಪದ್ಧತಿಯಿದೆ. ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರೂ ಪಾಲಿಸುತ್ತೇವೆ. ಕೇಳಿದ್ದಕ್ಕೆಲ್ಲ ಒಂದೇ ದನಿಯಲ್ಲಿ ಸರಿಯುತ್ತರ ಹೇಳಬೇಕು. “ತಿಳೀತಿಲ್ಲೋ?” ಎಂದರೆ “ತಿಳೀತ್ರಿ ಸರ್” ಎನ್ನಬೇಕು. ಸಂಶಯ ಕೇಳಬಾರದು. ಇವತ್ತು ನಾನು ಅವರಿಗೆ ಸಂಶಯ ಕೇಳಿದರೆ ನಾಳೆ ಅವರು ನನಗೆ ಕೇಳುತ್ತಾರೆ. ಹೀಗಾಗಿ ನಮ್ಮ ಡೆಮೊ ಪಾಠಗಳೆಲ್ಲ ಯಶಸ್ವಿಯಾಗುತ್ತವೆ, ಚಹಾ ಬರುವುದರೊಳಗೇ ಮುಗಿಯುತ್ತವೆ.

ಆದರೆ ಈ ಸಲ ಬಂದ ಸಂಪನ್ಮೂಲ ವ್ಯಕ್ತಿ ಹೊಸಬ, ಹುರುಪಿನ ಹುಡುಗ. “ಇವತ್ತ ಯಾರೂ ಖರೇ ಉತ್ತರ ಹೇಳಬ್ಯಾಡ್ರಿ. ನಿಮ್ಮ ಹುಡುಗೂರು ಎಂಥಾ ತಪ್ಪು ಮಾಡ್ತಾರ, ಅದನ್ನ ಮಾಡಿ ತೋರಸ್ರಿ” ಎಂದ.

ಸಭಾಂಗಣಕ್ಕೆ ಉತ್ಸಾಹ ಬಂತು. ಭೀಮಾ ಗುಂಪಿನ ಹಿರಿಯ ಸರ್ ಒಬ್ಬರು ಐದೂ ಐದೂ ಐವತ್ತೈದು ಎಂದರು. ಇನ್ನೊಬ್ಬರು ಕಿರುಬೆರಳೆತ್ತಿ ಹೊರಗೆ ಹೋಗಲು ಅಪ್ಪಣೆ ಕೇಳಿದರು. ಮತ್ತೊಬ್ಬರು ಮೂಗು ಒರೆಸಿಕೊಂಡು ತಲೆ ಕೆರೆದರು. ಹತ್ತನೆಯ ತರಗತಿಯ ಯಾವ ಮಗುವೂ ಮಾಡದ ತಪ್ಪುಗಳನ್ನೆಲ್ಲ ನಾವು ಅರ್ಧ ತಾಸು ಮಾಡಿದೆವು. ದಿನಾ ನೋಡುವ ತಪ್ಪುಗಳು ಒಬ್ಬರಿಗೂ ನೆನಪಾಗಲಿಲ್ಲ. ಕಲಿಸಲು ಬಂದ ಹುಡುಗನ ಮುಖ ಸಣ್ಣದಾಗುತ್ತ ಬಂತು.

ಕೊನೆಗೆ ಅವನು ಬೋರ್ಡಿನ ಮೇಲೆ ಎಕ್ಸ್ ವರ್ಗ ಸಮ ಐದು ಎಕ್ಸ್ ಎಂದು ಬರೆದು, ಬಿಡಿಸಲು ನಮ್ಮ ಟೀಚರನ್ನು ಕರೆದ. ಅವರು ಹೋದರು. ಎರಡೂ ಕಡೆಯಿಂದ ಒಂದೊಂದು ಎಕ್ಸ್ ಹೊಡೆದು ಹಾಕಿದರು. ಎಕ್ಸ್ ಸಮ ಐದು ಎಂದು ಬರೆದು ಅಡಿಗೆರೆ ಎಳೆದರು.

“ಎಕ್ಸ್ ಯಾಕ ಹೊಡದ್ರಿ?”

“ಎರಡೂ ಕಡೆ ಇತ್ತಲ್ರಿ.”

ಸಭಾಂಗಣ ಚಪ್ಪಾಳೆ ತಟ್ಟಿತು, ಮೊದಲ ದಿನ ಕಲಿತ ಮೂರೂ ಬಗೆಯಲ್ಲಿ. “ಇದು ನೋಡ್ರಿ! ನಮ್ಮ ಹುಡುಗೂರು ಹಿಂಗ ಮಾಡ್ತಾರ. ಮಾರಿಮ್ಯಾಲ ಒಂಚೂರೂ ಸಂಶಯ ಇಲ್ಲ!” ಎಂದು ಅವನು ಕುಣಿದಾಡಿದ. ಸರಿಯುತ್ತರ ನಿಮಗೆಲ್ಲ ಗೊತ್ತೇ ಇದೆ ಎಂದು ಮುಂದಕ್ಕೆ ಹೋದ. ಎಲ್ಲರಿಗೂ ಗೊತ್ತಿದ್ದುದರಿಂದ ಅದನ್ನು ಯಾರೂ ಬರೆಯಲಿಲ್ಲ.

ಟೀಚರು ಬಂದು ಕುಳಿತರು. ಸೆರಗಿನಿಂದ ಕೈಯ ಸೀಮೆಸುಣ್ಣ ಒರೆಸಿಕೊಂಡು ನನ್ನ ಕಡೆ ಬಾಗಿದರು.

“ಮೇಡಂ, ಅದರಾಗ ತಪ್ಪೇನೈತ್ರಿ?”

ಅತ್ತ ಇನ್ನೂ ಯಾರೋ ಅವರಿಗೆ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಆಮೇಲೆ ಹೇಳುತ್ತೇನೆ ಎಂದೆ. ಸಮಾರೋಪದಲ್ಲಿ ಉತ್ತಮ ಶಿಬಿರಾರ್ಥಿ ಎಂದು ಅವರಿಗೆ ಒಂದು ಪೆನ್ನು ಕೊಟ್ಟರು. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಬಸ್‌ ನಿಲ್ದಾಣದಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಹೇಳಿಕೊಟ್ಟೆ. ಎಕ್ಸ್ ಸೊನ್ನೆಯೂ ಆಗಿರಬಹುದು. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಅದಕ್ಕೇ ಎಕ್ಸನ್ನು ಹೊಡೆದು ಹಾಕಬಾರದು, ಎಲ್ಲವನ್ನೂ ಒಂದೇ ಕಡೆ ತಂದು ಬಿಡಿಸಬೇಕು. ಆಗ ಉತ್ತರ ಎರಡು: ಸೊನ್ನೆ, ಐದು. ಅವರು ಎಕ್ಸಿನ ಜಾಗಕ್ಕೆ ಸೊನ್ನೆ ಹಾಕಿ ನೋಡಿದರು. ಎರಡೂ ಕಡೆ ಸೊನ್ನೆಯೇ ಬಂತು.

“ಇಷ್ಟ ಏನ್ರಿ!” ಎಂದು ನಕ್ಕರು. ನಾನೂ ನಕ್ಕೆ. ಮೂರು ದಿನದಲ್ಲಿ ನಡೆದ ಒಂದೇ ಒಂದು ಗಣಿತದ ಪಾಠ ಮುಗಿದಿತ್ತು.

ಆಮೇಲೆ ಅವರ ನಗೆ ನಿಂತಿತು.

“ಹ್ವಾದ ವರ್ಷ ಇದ ಲೆಕ್ಕಕ್ಕ ಒಬ್ಬ ಹುಡುಗಿ ಬೋರ್ಡಿನ ಮ್ಯಾಲ ಎರಡೂ ಉತ್ತರ ಬರದಿದ್ಲ್ರಿ. ‘ಸೊನ್ನಿ ಅಂದ್ರ ಏನೂ ಇಲ್ಲ, ಅದೆಂಥಾ ಉತ್ತರವ್ವಾ?’ ಅಂತಂದು ನಾನ ಡಸ್ಟರ್ ತೊಗೊಂಡು ಸೊನ್ನಿ ಅಳಿಸೀನಿ. ಎಲ್ಲಾರಿಗೂ ಐದು ಅಂತ ಬರಸೀನಿ. ಪರೀಕ್ಷ್ಯಾಗೂ ಇಂಥಾ ಲೆಕ್ಕ ಬಂದಿತ್ತು, ಅಷ್ಟೂ ಹುಡುಗೂರು ತಪ್ಪ ಬರದಿರ್ತಾವಲ್ರಿ ಮೇಡಂ. ನನ್ನ ಮಾತ ಕೇಳಿ ಬರದಿರ್ತಾವ.”

ಬಬಲೇಶ್ವರದ ಬಸ್ಸು ಬಂತು. ಅವರು ಏಳಲಿಲ್ಲ. ಫೋನು ತೆಗೆದು ಆ ಹುಡುಗಿಯ ಅಪ್ಪನ ನಂಬರು ಹುಡುಕಿ ಹಚ್ಚಿದರು. ನಿಲ್ದಾಣದ ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರಿಗೆ ಹಾಕಿದರು. ಅಪ್ಪ ಮಗಳಿಗೆ ಕೊಟ್ಟ. ಆಕೆ ಈಗ ಪಿಯುಸಿ ಮೊದಲ ವರ್ಷ.

“ಯವ್ವಾ, ಅವತ್ತ ನಾ ಸೊನ್ನಿ ಅಳಿಸಿದ್ನೆಲ್ಲ... ನಿಂದ ಖರೇ ಇತ್ತು. ತಪ್ಪ ನಂದು.”

“ಹೂನ್ರಿ ಟೀಚರ್, ಗೊತ್ತಿತ್ರಿ” ಎಂದಿತು ಆ ಕಡೆಯ ದನಿ. “ಪರೀಕ್ಷ್ಯಾಗ ಎರಡೂ ಬರದೀನ್ರಿ.”

ಟೀಚರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಉಳದವರು?”

“ಅವ್ರಿಗೂ ಅವತ್ತ ಸಂಜೀಕ ಹೇಳಿದ್ನಿರಿ. ಎಲ್ಲಾರೂ ಎರಡೂ ಬರದಾರ. ನಿಮಗ ಕೆಟ್ಟ ಅನಸ್ತೈತಂತ ನಿಮಗಷ್ಟ ಹೇಳಿರಲಿಲ್ರಿ.”