ಸೋತ ಹುಡುಗಿಯ ಸೋದರಮಾವ

ಆ ಸಂದೇಶ ಅಳಿಸಿದ್ದು ಗುರುವಾರ ಸಂಜೆ. ಕಳಿಸಿ ಒಂದು ನಿಮಿಷವೂ ಆಗಿರಲಿಲ್ಲ ಎಂದು ನನ್ನ ನೆನಪು. ಆದರೆ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಆದ್ದರಿಂದ ಐದು ನಿಮಿಷ ಎಂದೇ ಬರೆದುಕೊಳ್ಳುತ್ತೇನೆ.

ಹಾಸ್ಟೆಲ್ಲಿನಲ್ಲಿದ್ದಾಗ ನಾವು ನಾಲ್ವರು ಗೆಳತಿಯರು ಫೋನಿನಲ್ಲಿ ಒಂದು ಜಪಾನಿ ಮಂಗಾ ಓದಲು ಶುರು ಮಾಡಿದ್ದೆವು. ವಾರಕ್ಕೊಂದು ಅಧ್ಯಾಯ ಬರುವ, ನಗಿಸುವ ಪ್ರೇಮದ ಚಿತ್ರಕಥೆ. ಒಬ್ಬ ಪೆದ್ದು ಹುಡುಗ, ಅವನ ಮೇಲೆ ಮನಸ್ಸಿಟ್ಟ ಮೂವರು ಹುಡುಗಿಯರು: ಬೇಕರಿಯವಳು, ಓಟಗಾರ್ತಿ, ಪಕ್ಕದ ಮನೆಯವಳು. ಅವನು ಯಾರಿಗೆ ಒಲಿಯುತ್ತಾನೆ ಎಂಬುದೇ ಕಥೆ. ನಾವು ಒಬ್ಬೊಬ್ಬರು ಒಬ್ಬೊಬ್ಬ ಹುಡುಗಿಗೆ ಸೋದರಮಾವ ಆದೆವು. ನಾಲ್ಕನೆಯವಳು ಗಂಡಿನ ಕಡೆ. ಮದುವೆ ಮಾತುಕತೆಗೆ ಕೂತ ಹಿರಿಯರ ಹಾಗೆ ಜಮಖಾನೆಯ ಮೇಲೆ ಕೂತು ಜಗಳಾಡುತ್ತಿದ್ದೆವು.

ನಾನು ಬೇಕರಿಯವಳ ಸೋದರಮಾವ. ಖಾನಾಪುರದ ಗೆಳತಿ ಪಕ್ಕದ ಮನೆಯವಳ ಸೋದರಮಾವ.

"ನಿಮ್ಮ ಹುಡುಗಿಗಿ ಬಾಯಿ ಭಾಳ. ಅತ್ತಿ ಮನ್ಯಾಗ ನಡಿಯೂದಿಲ್ಲ," ಎನ್ನುತ್ತಿದ್ದಳು ಅವಳು.

"ನಿಮ್ಮಾಕಿಗಿ ಬಾಯಿನ ಇಲ್ಲಲ್ಲ. ಹತ್ತು ವರ್ಷದಿಂದ ಗ್ವಾಡಿ ಆ ಕಡೆ ನಿಂತು ಡಬ್ಬಿ ಕೊಡಾಕತ್ತಾಳ."

"ಕೊಡ್ಲಿ. ಊಟಕ್ಕ ಹಾಕಿದಾಕೀನ ಯಾರೂ ಮರಿಯೂದಿಲ್ಲ."

"ಮರಿಯೂದಿಲ್ಲ, ಖರೇ. ಮದುವಿ ಮಾತ್ರ ಬ್ಯಾರೇದಾಕೀನ ಮಾಡ್ಕೋತಾರ."

ಉಳಿದ ಇಬ್ಬರು ಮದುವೆಯಾಗಿ ಓದುವುದನ್ನು ಬಿಟ್ಟರು. ನಾನು ಬೆಳಗಾವಿಯಲ್ಲಿ, ಅವಳು ಖಾನಾಪುರದಲ್ಲಿ. ಪ್ರತಿ ಗುರುವಾರ ಹೊಸ ಅಧ್ಯಾಯ ಬಂದೊಡನೆ ಇಬ್ಬರೇ ಸೋದರಮಾವಂದಿರು ಫೋನಿನಲ್ಲಿ ಕೂರುತ್ತಿದ್ದೆವು.

ಹೋದ ವರ್ಷ ಅವಳ ಮದುವೆ ನಿಶ್ಚಯವಾಗಿ ಮುರಿಯಿತು. ಹುಡುಗನಿಗೆ ಬೇರೆಯವಳ ಮೇಲೆ ಮನಸ್ಸಿದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ನನಗೊಬ್ಬಳಿಗೆ ಹೇಳಿದ್ದಳು. ಮುರಿದ ಮೇಲೆ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಆಗ ಅವಳ ವೈನಿ, ಅಂದರೆ ಅಣ್ಣನ ಹೆಂಡತಿ, ನನಗೆ ಫೋನ್ ಮಾಡಿದ್ದರು. "ನಿನ್ನ ಒಬ್ಬಾಕಿ ಕೂಡನ ಆಕಿ ಮಾತಾಡೂದು. ಮಾತು ಬಿಡಬ್ಯಾಡವಾ," ಎಂದರು. ನಾನು ಸಮಾಧಾನದ ಮಾತುಗಳನ್ನೆಲ್ಲ ಪ್ರಯತ್ನಿಸಿ ಸೋತೆ. ಕೊನೆಗೆ ಒಂದು ಗುರುವಾರ ಮಂಗಾದ ಅವಳ ಹುಡುಗಿಯನ್ನು ಬೈದು ಬರೆದೆ. ಅರ್ಧ ಗಂಟೆಯ ಮೇಲೆ ಉತ್ತರ ಬಂತು: "ನಮ್ಮಾಕಿ ಸುದ್ದಿಗಿ ಬರಬ್ಯಾಡ." ಅಂದಿನಿಂದ ಅವಳು ಮತ್ತೆ ಮಾತಾಡತೊಡಗಿದಳು. ಆ ಜಗಳ ಅವಳಿಗೆ ಏನಾಗಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಈ ಗುರುವಾರದ ಅಧ್ಯಾಯದಲ್ಲಿ ಪಕ್ಕದ ಮನೆಯವಳು ಸೋತಳು. ಛತ್ರಿ ಹಿಡಿದು ಸ್ಟೇಷನ್ನಿಗೆ ಬರುತ್ತಾಳೆ. ಹುಡುಗ ಬೇಕರಿಯವಳ ಕೈ ಹಿಡಿದಿರುವುದನ್ನು ನೋಡುತ್ತಾಳೆ. ಛತ್ರಿ ಬಿಚ್ಚದೆಯೇ ಮಳೆಯಲ್ಲಿ ಹಿಂದೆ ತಿರುಗುತ್ತಾಳೆ. ನಾನು ಗೆದ್ದೆ ಎಂದು ಕುಣಿದೆ. ಗೆಳತಿ ಬರೆದಳು: "ಆಕಿ ಸೋತಿಲ್ಲ. ಆಕಿ ಹೇಳಿಲ್ಲ, ಅಷ್ಟ."

ನಾನು ಬರೆದೆ: "ಬಾಯಿ ಬಿಡದಾಕಿ ಸೋಲಾಕ ಹುಟ್ಟಿರ್ತಾಳ."

ಇಷ್ಟು ಬರೆದದ್ದು ಖಚಿತ. ಅದರ ಮುಂದೆ "ನಿನ್ನಂಗ" ಎಂದು ಬರೆದೆನೋ, ಬರೆಯಬೇಕೆಂದುಕೊಂಡೆನೋ, ತಿಳಿಯದು. ಓದಿ ನೋಡಿದೊಡನೆ ಅಳಿಸಿದೆ. ಅಳಿಸಿದ್ದರಿಂದ ನನಗೇ ಸಾಕ್ಷಿ ಇಲ್ಲದಾಯಿತು.

ಶುಕ್ರವಾರ ಅವಳಿಂದ ಏನೂ ಇಲ್ಲ. ನಾನು ಕಳಿಸಿದ ಎರಡು ಸಂದೇಶಗಳಿಗೂ ಒಂದೇ ಟಿಕ್ ಗುರುತು. ಅವಳಿಗೆ ತಲುಪಿಯೇ ಇರಲಿಲ್ಲ. ಶನಿವಾರ ಫೋನ್ ಮಾಡಿದರೆ ಸ್ವಿಚ್ ಆಫ್. ವೈನಿಯ ನಂಬರು ನನ್ನ ಹಳೆಯ ಫೋನಿನ ಜೊತೆ ಹೋಗಿತ್ತು. ಹಾಸ್ಟೆಲ್ಲಿನ ಉಳಿದಿಬ್ಬರನ್ನು ಕೇಳಬಹುದಿತ್ತು. ಕೇಳಿದರೆ ಏನು ಬರೆದೆ ಎಂದು ಹೇಳಬೇಕಾಗುತ್ತದೆ, ಅದಕ್ಕೆ ಕೇಳಲಿಲ್ಲ. ಶನಿವಾರವಿಡೀ ಆ ಒಂದು ಪದ ನನ್ನ ತಲೆಯಲ್ಲಿ ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಅದರ ಹಿಂದೆ ಮತ್ತೊಂದು ವಾಕ್ಯವೂ ಇತ್ತೇನೋ ಅನ್ನಿಸತೊಡಗಿತು. ಹೆದರಿದವಳ ನೆನಪು ಹೀಗೆ ತಾನೇ ಬರೆದುಕೊಳ್ಳುತ್ತ ಹೋಗುತ್ತದೆ.

ಭಾನುವಾರ ಬೆಳಿಗ್ಗೆ ರಾಮತೀರ್ಥ ನಗರದ ನಮ್ಮ ಮನೆಯಿಂದ ಖಾನಾಪುರಕ್ಕೆ ಹೊರಟೆ. "ಯಾಕ ಒಮ್ಮೆಲೆ?" ಎಂದಳು ಅವ್ವ. ಸುಮ್ಮನೆ ಎಂದೆ. ಬರಿಗೈಯಲ್ಲಿ ಹೋಗಬಾರದೆಂದು ಸ್ಟೇಷನ್ನಿನ ದಾರಿಯಲ್ಲಿ ನಮ್ಮೂರಿನ ಹಾಲಿನ ಸಿಹಿ, ಅರ್ಧ ಕಿಲೋ ಕುಂದಾ, ಕಟ್ಟಿಸಿಕೊಂಡೆ. ತಪ್ಪೊಪ್ಪಿಗೆಗೆ ನನಗೆ ಹೊಳೆದದ್ದು ಅದೊಂದೇ.

ದೇಸೂರಿನಲ್ಲಿ ರೈಲು ನಿಂತದ್ದು ಹೊರಡಲೇ ಇಲ್ಲ. ಎದುರಿನ ಗಾಡಿ ಬರಬೇಕಂತೆ. ಪಕ್ಕದಲ್ಲಿ ಇಬ್ಬರು ಹೆಂಗಸರು ಮರಾಠಿಯಲ್ಲಿ ಯಾರದೋ ಸುದ್ದಿ ಮಾತಾಡುತ್ತಿದ್ದರು. ಖಾನಾಪುರ, ನದಿ, ಘಾಟು ಎಂಬ ಮಾತುಗಳು ಬಂದಾಗ ಆ ಕಡೆ ತಿರುಗಿದೆ. ಮುರಿದ ಆ ದಿನಗಳಲ್ಲಿ ಅವಳು ಕೋಣೆ ಬಿಟ್ಟು ಹೊರಗೆ ಬಂದರೆ, ಸಂಜೆ ಒಬ್ಬಳೇ ಮಲಪ್ರಭಾ ನದಿಯ ಘಾಟಿಗೆ ಹೋಗಿ ಕೂರಲಿಕ್ಕಷ್ಟೇ. ಪೂರ್ತಿ ಕಿವಿಗೊಟ್ಟು ಕೇಳಿದೆ. ಅವರು ಮಾತಾಡುತ್ತಿದ್ದುದು ಘಾಟಿನಲ್ಲಿ ಕಳೆದುಹೋದ ಒಂದು ತಾಮ್ರದ ಕೊಡದ ಬಗ್ಗೆ. ಕುಂದಾದ ಡಬ್ಬಿಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಹೋದ ಕೂಡಲೇ ಏನು ಹೇಳಬೇಕೆಂದು ಅಭ್ಯಾಸ ಮಾಡಿದೆ. ಪ್ರತಿ ಸಲವೂ "ನಿನ್ನಂಗ" ಎಂಬುದನ್ನು ಬಿಟ್ಟೇ ಹೇಳುತ್ತಿದ್ದೆ. ಅದನ್ನು ನಾನೇ ಗಮನಿಸಿದೆ.

ಅವರ ಓಣಿಗೆ ತಿರುಗಿದಾಗ ಮನೆಯ ಮುಂದೆ ಚಪ್ಪಲಿಗಳು ಕಂಡವು. ಹತ್ತು ಹನ್ನೆರಡು ಜೋಡಿ, ಎಲ್ಲ ಹೆಂಗಸರವು, ಬಾಗಿಲಿನಿಂದ ಕಟ್ಟೆಯವರೆಗೆ ಹೇಗೆಂದರೆ ಹಾಗೆ ಬಿಟ್ಟದ್ದು. ಒಳಗಿನಿಂದ ಮಾತಿಲ್ಲ, ಸದ್ದಿಲ್ಲ. ಒಂದು ಮನೆಯ ಮುಂದೆ ಅಷ್ಟು ಚಪ್ಪಲಿಗಳು, ಒಳಗೆ ಅಷ್ಟು ಮೌನ ಯಾವಾಗ ಇರುತ್ತದೆ ಎಂದು ಗೊತ್ತಿಲ್ಲದವರು ಯಾರು? ಅಲ್ಲೇ ನಿಂತೆ. ವಾಪಸ್ ಹೋಗಿಬಿಡೋಣ ಅನ್ನಿಸಿತು. ಅದನ್ನು ಇಲ್ಲಿ ಬಚ್ಚಿಡುವುದಿಲ್ಲ: ಗೆಳತಿಗೆ ಏನಾಯಿತು ಎಂಬುದಕ್ಕಿಂತ ಮೊದಲು, ಯಾರಾದರೂ ಅವಳ ಫೋನ್ ತೆಗೆದು ನೋಡಿರಬಹುದೇ ಎಂಬ ಯೋಚನೆ ಬಂತು.

ಅಷ್ಟರಲ್ಲಿ ಒಳಗೆ ಹೊಲಿಗೆ ಯಂತ್ರ ಗರಗರ ಎಂದಿತು. ಅದರ ಹಿಂದೆ ಮತ್ತೆರಡು. ವೈನಿ ಹೊರಗೆ ಇಣುಕಿದರು.

"ಯಾಕ ಬಿಸಲಾಗ ನಿಂತೀಯವಾ? ಬಾ ಒಳಗ. ಭಾನುವಾರ ಬ್ಲೌಸ್ ಕ್ಲಾಸ್ ಅದ. ಕತ್ತರಿಸೂದು ತೋರಸಾಕತ್ತಿದ್ನಿ."

"ಆಕಿ ಎಲ್ಲದಾಳ್ರೀ ವೈನಿ?" ಎಂದೆ.

"ಹಿತ್ತಲದಾಗ. ಮೂರು ದಿನ ಆತು ತಲಿಗಿ ಎಣ್ಣಿಲ್ಲ, ಬಾಚಣಿಕಿಲ್ಲ. ಕೇಳಿದ್ರ ನಗತಾಳ. ನೀನರ ಕೇಳು."

ಹಿತ್ತಲಲ್ಲಿ ಬಾವಿಯ ಕಟ್ಟೆಯ ಪಕ್ಕ ಅವಳು ತಲೆ ಕೆದರಿಕೊಂಡು ಕೂತು ಯಾರದೋ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ನನ್ನನ್ನು ನೋಡಿ ಸೂಜಿ ನಿಲ್ಲಿಸಿದಳು. ಆಮೇಲೆ ಡಬ್ಬಿಯನ್ನು ನೋಡಿದಳು.

"ಅಗ, ಸೂತಕದ ಮನಿಗಿ ಕುಂದಾ ತಂದೀಯೇನ?"

ನಾನು ಪೆದ್ದಿಯಂತೆ ನಿಂತೆ. "ಯಾರು ತೀರ್ಕೊಂಡ್ರು?"

"ನಮ್ಮ ಹುಡುಗಿ ಸೋತಳಲ್ಲ. ಸೋದರಮಾವಗ ಮೂರು ದಿನ. ಫೋನ್ ಇಲ್ಲ, ಎಣ್ಣಿ ಇಲ್ಲ, ಸಿಹಿ ಇಲ್ಲ. ಹಾಸ್ಟೆಲ್‌ನಾಗ ಮಾಡಿದ್ದು ಮರ್ತಿ?"

ಮರೆತಿದ್ದೆ. ಓಟಗಾರ್ತಿ ಸೋತಾಗ ಅವಳ ಸೋದರಮಾವನಾಗಿದ್ದ ಗೆಳತಿ ಮೂರು ದಿನ ಮಾತು ಬಿಟ್ಟಿದ್ದಳಂತೆ. ಆಗ ಪರೀಕ್ಷೆ ಇತ್ತು, ಯಾರೂ ಮಾತಾಡುತ್ತಿರಲಿಲ್ಲ ಎಂದಷ್ಟೇ ನನಗೆ ನೆನಪು. ನಮ್ಮದು ಬಸವಣ್ಣನವರ ದಾರಿಯ ಮನೆ, ಸೂತಕ ಹಿಡಿಯುವುದಿಲ್ಲ. ಅಜ್ಜಿ ತೀರಿಕೊಂಡಾಗಲೂ ಮರುದಿನ ಪೂಜೆ ನಿಲ್ಲಲಿಲ್ಲ. ಅವರ ಮನೆಯಲ್ಲಿ ಹಿಡಿಯುತ್ತಾರೆ. ಅವಳಿಗೆ ಮೈಯಲ್ಲೇ ಇದ್ದ ಪದ್ಧತಿ ನನಗೆ ಒಂದು ಜೋಕಾಗಿ ಕೇಳಿ ಹೋಗಿಬಿಟ್ಟಿತ್ತು.

"ನೀನ ಅಂದಿದ್ದಿ, 'ನಮ್ಮಲ್ಲಿ ಸೂತಕ ಇಲ್ಲ, ನನ್ನ ಹುಡುಗಿ ಸತ್ರೂ ನಾ ಮಾತಾಡ್ತೇನಿ' ಅಂತ," ಎಂದಳು. "ಉಳದಿಬ್ಬರನ್ನ ಕೇಳಿದ್ರ ಹೇಳ್ತಿದ್ರು."

ನಗು ಬಂತು, ಅದರ ಜೊತೆಗೇ ಅಳುವೂ. ಅಲ್ಲಿಗೆ ಮುಗಿದಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ.

ಅವಳು ದಾರ ಹಲ್ಲಿನಿಂದ ಕಡಿದು, ತಲೆ ಎತ್ತದೆ ಕೇಳಿದಳು: "ಗುರುವಾರ ಏನೋ ಬರದು ಅಳಿಸಿದಿಯಲ್ಲ. ಏನದು?"

ಹೆದರಿಕೆ ಮುಗಿಯಿತು ಎಂದುಕೊಂಡ ಕ್ಷಣದಲ್ಲೇ ಅದು ಪೂರ್ತಿ ಬಂದು ನಿಂತಿತು. ಅವಳು ಓದಿಲ್ಲ. ಒಂದು ಸುಳ್ಳು ಸಾಕಿತ್ತು. ತಪ್ಪು ಚಿತ್ರ ಹೋಗಿತ್ತು ಎಂದರೆ ಮುಗಿಯುತ್ತಿತ್ತು. ಯಂತ್ರಗಳ ಸದ್ದು ಹಿತ್ತಲಿನವರೆಗೂ ಬರುತ್ತಿತ್ತು.

"'ಬಾಯಿ ಬಿಡದಾಕಿ ಸೋಲಾಕ ಹುಟ್ಟಿರ್ತಾಳ' ಅಂತ ಬರದಿದ್ನಿ."

"ಅಷ್ಟ?"

"'ನಿನ್ನಂಗ' ಅಂತನೂ ಬರದಿದ್ದೆ ಅನಸ್ತದ. ಖರೇ ಹೇಳಬೇಕಂದ್ರ ಗೊತ್ತಿಲ್ಲ. ಬರದಿದ್ರೂ ಬರೀದಿದ್ರೂ ಮನಸಿನ್ಯಾಗ ಇತ್ತು."

ಅವಳು ಇನ್ನೊಂದು ಹುಕ್ಕು ತೆಗೆದುಕೊಂಡಳು. ಅದನ್ನು ಪೂರ್ತಿ ಹಚ್ಚಿದಳು.

"ಇತ್ತು," ಎಂದಳು. "ನೀ ಅಳಸೂಕ್ಕಿಂತ ಮೊದ್ಲ ಓದಿದ್ನಿ. ನೀ ಹೇಳ್ತೀಯೋ ಇಲ್ಲೋ ಅಂತ ನೋಡಾಕ ಕೇಳಿದ್ನಿ."

"ಹೇಳದಿದ್ರ?"

"ಚಾ ಕುಡಿಸಿ ಸ್ಟೇಷನ್‌ಗಿ ಬಿಟ್ಟು ಬರ್ತಿದ್ನಿ. ಮತ್ತ ನಿನ್ನ ಫೋನ್ ತಗೀತಿದ್ದಿಲ್ಲ."

ಅಷ್ಟು ಸಾದಾ ದನಿಯಲ್ಲಿ ಹೇಳಿದಳು. ಕ್ಷಮಿಸು ಎಂದೆ. ಅವಳು ಎದ್ದಳು. ಡಬ್ಬಿಯನ್ನು ತೆಗೆದುಕೊಂಡು ಒಳಗೆ ಹೋಗಿ, ಬಿಚ್ಚದೆ, ಕಪಾಟಿನ ಮೇಲೆ ಸ್ವಿಚ್ ಆಫ್ ಆದ ಫೋನಿನ ಪಕ್ಕ ಇಟ್ಟಳು. "ಇವತ್ತಿಗಿ ಮುಗೀತದ. ನಾಳಿಗಿ ನೋಡೂಣು," ಎಂದಳು. ಕುಂದಾದ ಮಾತೋ ನನ್ನ ಮಾತೋ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟುಕೊಂಡು ಕೂತಿದ್ದೆ. ಹನ್ನೊಂದರ ಸುಮಾರಿಗೆ ಅದು ಗುಂಯ್ ಎಂದಿತು. ತಿರುಗಿಸಿ ನೋಡಲು ಬಹಳ ಹೊತ್ತು ಬೇಕಾಯಿತು.

"ಕುಂದಾ ಚೊಲೋ ಐತಿ. ವೈನಿ ಅರ್ಧಾ ಖಾಲಿ ಮಾಡ್ಯಾಳ," ಎಂದಿತ್ತು. ಅದರ ಕೆಳಗೆ ಇನ್ನೊಂದು: "ನಿಮ್ಮ ಬೇಕರಿಯಾಕಿ ಆ ಹುಡುಗನ ಕೂಡ ಆರು ತಿಂಗಳ ಬಾಳ್ವಿ ಮಾಡಿ ತೋರಿಸಲಿ. ಆಮ್ಯಾಲ ಗೆದ್ದೇನಿ ಅನ್ನು."

ಉತ್ತರ ಬರೆದು, ಕಳಿಸುವ ಮೊದಲು ಮೂರು ಸಲ ಓದಿದೆ.