ಹುನಗುಂದದಲ್ಲಿ ಏರದ ಗಾಜು

ಮೊನ್ನೆ ಬಾಗಲಕೋಟೆಯ ತರಕಾರಿ ಮಾರ್ಕೆಟ್ಟಿನ ಎದುರು ಒಂದು ಕಾರು ನಿಂತಿತ್ತು. ಅದರ ಒಂದು ಕಿಟಕಿಗೆ ಗಾಜಿನ ಬದಲು ಗೊಬ್ಬರದ ಚೀಲ ಕತ್ತರಿಸಿ ಅಂಟಿಸಿದ್ದರು. ಗಾಳಿಗೆ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ನೀವಾಗಿದ್ದರೆ ನಕ್ಕು ಮುಂದೆ ಹೋಗುತ್ತಿದ್ದಿರಿ. ನನಗೆ ಮಾತ್ರ ಆ ಕಾರಿನವನನ್ನು ಹುಡುಕಿ ಚಹಾ ಕುಡಿಸಬೇಕೆನಿಸಿತು.

ಹುನಗುಂದದಲ್ಲಿ ನನ್ನ ಅಕ್ಕನ ಮನೆಯಿದೆ, ಮುಖ್ಯ ರಸ್ತೆಗೆ ಹತ್ತಿಕೊಂಡೇ. ನಾನಿರುವುದು ಬಾಗಲಕೋಟೆ, ಹೆಂಡತಿಯ ತವರು ಹುನಗುಂದದಾಚೆಯ ಇಳಕಲ್ಲು. ಹೀಗಾಗಿ ತಿಂಗಳಿಗೆರಡು ಸಲ ನಾನು ಅಕ್ಕನ ಮನೆಯ ಮುಂದೆ ಹಾದುಹೋಗಲೇಬೇಕು. ನಾಲ್ಕು ವರ್ಷ ಹಾಗೆ ಹಾದುಹೋದೆ, ಒಮ್ಮೆಯೂ ಇಳಿಯಲಿಲ್ಲ. ಊರು ಹತ್ತಿರವಾಗುತ್ತಲೇ ಗಾಜು ಏರಿಸಿ, ಎಸಿ ಹಾಕಿ, ದೊಡ್ಡ ಅಧಿಕಾರಿಯಂತೆ ನೆಟ್ಟಗೆ ನೋಡುತ್ತ ಸಾಗುತ್ತಿದ್ದೆ. ಚಳಿಗಾಲದಲ್ಲೂ ಹುನಗುಂದದಲ್ಲಿ ಎಸಿ ಹಾಕಿಕೊಂಡವನು ನಾನೊಬ್ಬನೇ ಇರಬೇಕು.

ಜಗಳದ ಕಾರಣ ಹೇಳಲು ನಾಚಿಕೆ. ನನ್ನ ಮಗಳ ಮದುವೆಯ ಕಾರ್ಡಿನಲ್ಲಿ ಅಕ್ಕನ ಗಂಡನ ಹೆಸರು ಬಿಟ್ಟುಹೋಗಿತ್ತು. ಮಾವ ಎಂದು ನಾನು ಕರೆಯುವ ಈ ಮನುಷ್ಯ, ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದವರು. ಕಾರ್ಡಿನ ಪ್ರೂಫ್ ನೋಡಿದವನು ನಾನೇ. ದೂರದ ಬೀಗರ ಇನಿಷಿಯಲ್‌ಗಳನ್ನೆಲ್ಲ ಎರಡೆರಡು ಸಲ ತಿದ್ದಿದ್ದೆ. ಅಕ್ಕ ಕೇಳಿದಾಗ ತಪ್ಪಾಯಿತು ಅನ್ನಬೇಕಿತ್ತು. ನಾನು ಅಂದದ್ದು: "ಹೆಸರು ಬಿಟ್ಟರ ಏನಾತು, ಊಟಕ್ಕ ಕರಿಯೂದು ಬಿಟ್ಟೇವೇನು?" ಅಕ್ಕ ಮದುವೆಗೆ ಬಂದಳು, ಅಕ್ಷತೆ ಹಾಕಿದಳು, ಉಣ್ಣದೆ ಹೋದಳು.

ಕಳೆದ ಬೇಸಿಗೆಯಲ್ಲಿ ಒಬ್ಬನೇ ಇಳಕಲ್ಲಿಗೆ ಹೊರಟಿದ್ದೆ. ಅಮೀನಗಡದಲ್ಲಿ ಎಳೆ ಸೌತೆಕಾಯಿ ಮಾರುವವಳು ಬಂದಳೆಂದು ನನ್ನ ಕಡೆಯ ಗಾಜು ಇಳಿಸಿದೆ. ಅದು ಮತ್ತೆ ಏರಲಿಲ್ಲ. ಗುಂಡಿ ಒತ್ತಿದರೆ ಬಾಗಿಲೊಳಗೆ ಮೋಟರು ಗುರ್ರೆನ್ನುತ್ತಿತ್ತು, ಗಾಜು ಕದಲುತ್ತಿರಲಿಲ್ಲ. ಮೋಟರು ತಿರುಗುತ್ತಿದ್ದರೂ ಫ್ಯೂಸು ತೆಗೆದು ನೋಡಿದೆ. ಬಾಗಿಲನ್ನು ನಾಲ್ಕು ಸಲ ಬಡಿದೆ. ಕಾರಿನ ಬಗ್ಗೆ ನನಗಿದ್ದ ಜ್ಞಾನ ಅಲ್ಲಿಗೆ ಮುಗಿಯಿತು. ಇಳಕಲ್ಲಿನ ಮಿಸ್ತ್ರಿಗೆ ತೋರಿಸಿದರಾಯಿತೆಂದು ಹೊರಟೆ. ನಡುವೆ ಹುನಗುಂದವಿದೆ ಎಂಬುದು ಹೊಳೆದದ್ದು ಅಕ್ಕನ ಮನೆಯ ಮುಂದಿನ ರೋಡ್ ಹಂಪ್‌ಗೆ ಕಾರು ನಿಧಾನವಾದಾಗಲೇ.

ಅಕ್ಕ ಅರ್ಧ ರಸ್ತೆ ದಾಟಿ, ಕಾರು ಹೋಗಲೆಂದು ನನ್ನ ಕಿಟಕಿಯ ಬದಿಗೇ ನಿಂತಿದ್ದಳು. ನನ್ನ ಬೆರಳು ತಾನಾಗಿಯೇ ಗುಂಡಿ ಒತ್ತಿತು. ಮೋಟರು ಗುರ್ರೆಂದಿತು. ನಾವಿಬ್ಬರೂ ಮೊಳದ ಅಂತರದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಆ ಸದ್ದು ಕೇಳಿದೆವು.

"ಅಕ್ಕಾ, ಗ್ಲಾಸ್ ಕೆಟ್ಟೇತಿ," ಎಂದೆ. ನಾಲ್ಕು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು.

"ಅದಕ್ಕ ನಿನ್ನ ಮಾರಿ ಕಾಣಾಕತ್ತೇತಿ. ಒಳಗ ಬಾ, ಅವರು ಮನ್ಯಾಗ ಅದಾರ, ನೋಡ್ತಾರ."

ಪಂಪ್‌ಸೆಟ್ ರಿಪೇರಿಯಲ್ಲಿ ಮಾವನ ಕೈ ಪಳಗಿದ್ದು. ಯಾಕೆ ಬಂದೆ ಎಂದು ಕೇಳದೆ ಬಾಗಿಲಿನ ಒಳಹೊದಿಕೆ ಬಿಚ್ಚಿದರು. ಗಾಜನ್ನು ಎಳೆಯುವ ತಂತಿ ಹರಿದಿತ್ತು. ಹೊಸದು ಸಿಗುವವರೆಗೆ ಗಾಜನ್ನು ಮೇಲೆತ್ತಿ ಕೆಳಗೆ ಕಟ್ಟಿಗೆಯ ಆಸರೆ ಕೊಡೋಣವೆಂದರು. ಅದು ಜಾರದಂತೆ ಇಬ್ಬರು ಹಿಡಿಯಬೇಕಿತ್ತು. ತೆರೆದ ಬಾಗಿಲಿನ ಈಚೆ ನಾನು, ಆಚೆ ಅಕ್ಕ, ಗಾಜಿನ ಎರಡೂ ಬದಿಗೆ ಅಂಗೈ ಒತ್ತಿ ನಿಂತೆವು. ಮಾವ ನೆಲದಲ್ಲಿ ಕೂತು ಕಟ್ಟಿಗೆ ಕೆತ್ತುತ್ತಿದ್ದರು. ಅರ್ಧ ತಾಸು ಹಿಡಿಯಿತು. ಕೈ ಬಿಟ್ಟು ಹೋಗುವಂತಿಲ್ಲ, ಬೇರೆ ಕಡೆ ನೋಡಿದರೆ ಚೆಂದ ಕಾಣುವುದಿಲ್ಲ.

ಕೊನೆಗೆ, ಅಕ್ಕನ ಮುಖ ನೋಡಿ ಹೇಳುವ ಧೈರ್ಯವಾಗದೆ, ಕೆಳಗೆ ಬಾಗಿದ್ದ ಮಾವನ ತಲೆಗೆ ಹೇಳಿದೆ: "ಮಾವಾ, ಕಾರ್ಡಿನ್ಯಾಗ ನಿಮ್ಮ ಹೆಸರು ಬಿಟ್ಟಿದ್ದು ನನ್ನ ತಪ್ಪ್ರಿ."

ಅದೇನು ದೊಡ್ಡದು ಬಿಡು ಅನ್ನುತ್ತಾರೆಂದು ಕಾದೆ. ಹಿರಿಯರು ಹಾಗನ್ನುವುದು ರೂಢಿ, ನಾವು ಹಗುರಾಗುವುದೂ ರೂಢಿ. ಮಾವ ತಲೆಯೆತ್ತದೆ ಅಂದರು: "ಭಾಳ ಕೆಟ್ಟ ಅನಿಸಿತ್ತಪಾ ನನಗ. ಗ್ಲಾಸ್ ಗಟ್ಟಿ ಹಿಡಿ, ಜಾರಾಕತ್ತೇತಿ."

ಹಿಡಿದೆ. ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಆಚೆ ಅಕ್ಕನಿಗೂ ಇರಲಿಲ್ಲ.

ಅಂದು ಅಲ್ಲಿಯೇ ರೊಟ್ಟಿ ಉಂಡು, ಇಳಕಲ್ಲು ಮುಟ್ಟುವಷ್ಟರಲ್ಲಿ ಸಂಜೆಯಾಯಿತು. ಹೊಸ ತಂತಿ ಹಾಕಿಸುವುದು ಇವತ್ತಿಗೂ ಆಗಿಲ್ಲ. ಮಾವನ ಕಟ್ಟಿಗೆ ಎಷ್ಟು ಗಟ್ಟಿಯೆಂದರೆ, ಏರದಿದ್ದ ಗಾಜು ಈಗ ಇಳಿಯುವುದಿಲ್ಲ. ಯಾರನ್ನು ಮಾತಾಡಿಸಬೇಕಾದರೂ ಬಾಗಿಲು ತೆರೆದು ಕೆಳಗಿಳಿಯಬೇಕು. ಹುನಗುಂದದಲ್ಲಿ ಇಳಿದೆನೆಂದರೆ ಅಕ್ಕ ಬೇಗ ಹತ್ತಗೊಡುವುದಿಲ್ಲ. ನಾಳೆ ಭಾನುವಾರ ಮತ್ತೆ ಆ ದಾರಿಗೆ ಹೊರಟಿದ್ದೇನೆ. ಈ ಸಲ ಇಳಕಲ್ಲಿನಲ್ಲಿ ನನಗೇನೂ ಕೆಲಸವಿಲ್ಲ.